21 ಡಿಗ್ರಿ ‘ಚಳಿ’ಗೆ ಏಳದ ನಮ್ಮ ಮೀನಿನ ಲಾರಿ

ಮೊದಲು ಈ ಶಬ್ದ ಕೇಳಿ. ಗುರ್ರ್... ಗುರ್... ಗು... ಟಕ್. ಅಷ್ಟೇ. ಆಮೇಲೆ ಕೇಳುವ ನಾಯಿ ಪಕ್ಕದ ಮನೆಯದ್ದು. ಅದಕ್ಕೂ ನಮ್ಮ ಗಾಡಿಗೂ ಸಂಬಂಧ ಇಲ್ಲ, ಆದರೆ ಈ ಹದಿನೈದು ದಿನ ಇಬ್ಬರೂ ಒಟ್ಟಿಗೇ ಏಳುತ್ತಿದ್ದರು. ಅಲ್ಲ, ನಾಯಿ ಏಳುತ್ತಿತ್ತು. ಗಾಡಿ ಏಳುತ್ತಿರಲಿಲ್ಲ.

ಸಮಯ ಬೆಳಿಗ್ಗೆ 4 ಗಂಟೆ 20 ನಿಮಿಷ. ಜಾಗ ಉಡುಪಿಯ ಪರ್ಕಳ, ನಮ್ಮ ಮನೆ ಹೊರಗಿನ ಇಳಿಜಾರು. 5 ಗಂಟೆಗೆ ನಾನು ಮಲ್ಪೆ ಬಂದರಿನಲ್ಲಿ ಇರಬೇಕು. ಮೀನು ಯಾರಿಗೂ ಕಾಯುವುದಿಲ್ಲ, ಮೀನು ತೆಗೆದುಕೊಳ್ಳುವವರು ಮೊದಲೇ ಕಾಯುವುದಿಲ್ಲ. ವಿಡಿಯೋ ಅಲ್ಲಾಡುತ್ತಾ ಉಂಟು, ಕ್ಷಮಿಸಿ. ಮೊಬೈಲ್ ಹಿಡಿದವನು ನನ್ನ ಚಿಕ್ಕಪ್ಪನ ಮಗ, ಅರ್ಧ ನಿದ್ದೆಯಲ್ಲಿದ್ದಾನೆ.

ಗಾಡಿ ನಿಮಗೆ ಗೊತ್ತೇ ಇದೆ. ಆರು ಟೈರಿನ ಸಣ್ಣ ಲಾರಿ, ಹಳೆಯದು, ಪಂಪು-ನಾಝಲ್ ಇರುವ ಹಳೇ ಕಾಲದ ಡೀಸೆಲ್ ಎಂಜಿನ್. ಕಂಪ್ಯೂಟರ್, ಸೆನ್ಸರ್ ಎಂತದೂ ಇಲ್ಲ. ಮಧ್ಯಾಹ್ನ 2 ಗಂಟೆಗೆ ಕೀ ತಿರುಗಿಸಿದರೆ ಮುಟ್ಟುವುದರೊಳಗೆ ಸ್ಟಾರ್ಟ್. ಬೆಳಗಿನ ಜಾವ ಮಾತ್ರ ಹೀಗೆ.

ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು. “ಚಳಿ ಅಲ್ವಾ ಮಾರಾಯ, ಡಿಸೆಂಬರ್ ಅಲ್ವಾ.”

ಮೊಬೈಲಿನಲ್ಲಿ ನೋಡಿದೆ. 21 ಡಿಗ್ರಿ. ನಮಗೆ ಇದು ಚಳಿಯೇ, ಸುಳ್ಳಲ್ಲ. ಅಮ್ಮ ಈ ತಿಂಗಳಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡೇ ಅಂಗಳ ಗುಡಿಸುವುದು. ಅಡುಗೆಮನೆಯ ಕಪಾಟಿನಲ್ಲಿರುವ ತೆಂಗಿನೆಣ್ಣೆ ಬಾಟಲಿ ನೋಡಿ, ಮೇಲಿಂದ ಬೆಳ್ಳಗೆ ಗಟ್ಟಿಯಾಗಿದೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೋದರೆ ಹೆಪ್ಪುಗಟ್ಟುತ್ತದೆ. ನಮ್ಮ ಮನೆಯಲ್ಲಿ ಥರ್ಮಾಮೀಟರ್ ಅಂದರೆ ಅದೇ. ಆದರೆ ಲಾರಿಗೆ ಇದು ಚಳಿಯಾ? ಇವತ್ತಿನ ವಿಡಿಯೋ ಪೂರ್ತಿ ಆ ಒಂದು ಪ್ರಶ್ನೆಯ ಹಿಂದೆ ಹೋದದ್ದು. ಸುಮ್ನೆ ಹೋದದ್ದಲ್ಲ, 9 ಸಾವಿರ ಚಿಲ್ಲರೆ ಕಳೆದುಕೊಂಡು ಹೋದದ್ದು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದ್ದು ತಲೆಗೆ ಹೋಗುವುದಿಲ್ಲ. ಡೀಸೆಲ್ ಎಂಜಿನ್ನಿಗೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಒತ್ತಿ ಬಿಸಿ ಮಾಡಿ, ಆ ಬಿಸಿಗೆ ಡೀಸೆಲ್ ಸಿಂಪಡಿಸಿದರೆ ತಾನಾಗಿ ಹತ್ತಿಕೊಳ್ಳುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುತ್ತದಲ್ಲ, ಅದೇ ಲೆಕ್ಕ. ಇಲ್ಲಿ 17-18 ಪಾಲು ಗಾಳಿಯನ್ನು ಒಂದು ಪಾಲಿನ ಜಾಗಕ್ಕೆ ಒತ್ತುವುದು. ಸರಿಯಾಗಿ ಒತ್ತಿದರೆ ಆ ಗಾಳಿ 500 ಡಿಗ್ರಿ ದಾಟುತ್ತದೆ. ಡೀಸೆಲ್ ಹತ್ತಿಕೊಳ್ಳಲು ಸುಮಾರು 210ರಿಂದ 250 ಡಿಗ್ರಿ ಸಾಕು.

ಹಾಗಾದರೆ ಬೇಕಾದಷ್ಟು ಬಿಸಿ ಉಂಟಲ್ಲ ಅಂತ ನಿಮಗೆ ಅನಿಸಬಹುದು. ಉಂಟು, ಎಂಜಿನ್ ಬೇಗ ತಿರುಗಿದರೆ. ಸೆಲ್ಫ್ ಮೋಟರ್, ಅಂದರೆ ಕೀ ತಿರುಗಿಸಿದಾಗ ಬ್ಯಾಟರಿಯ ಕರೆಂಟಿನಿಂದ ಎಂಜಿನ್ ತಿರುಗಿಸುವ ಮೋಟರ್, ಅಳುತ್ತಾ ಅಳುತ್ತಾ ತಿರುಗಿಸಿದರೆ ಆ ಬಿಸಿಯನ್ನು ಸುತ್ತಲಿನ ತಣ್ಣಗಿನ ಕಬ್ಬಿಣ ಕುಡಿದುಬಿಡುತ್ತದೆ. ಒತ್ತಿದ ಗಾಳಿಯೂ ಪಿಸ್ಟನ್ ರಿಂಗಿನ ಸಂದಿಯಲ್ಲಿ ಸೋರಿ ಹೋಗುತ್ತದೆ. ಹಾಗಾಗಿ ಡೀಸೆಲ್ ಗಾಡಿ ಬೆಳಿಗ್ಗೆ ಏಳಬೇಕಾದರೆ ಮೊದಲು ಬೇಕಾದದ್ದು ಸೆಲ್ಫ್ ತಿರುಗುವ ವೇಗ.

ಇದು ನನಗೆ ಆಗ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು “ಬ್ಯಾಟರಿ ಡೌನ್” ಅನ್ನುವ ಎರಡು ಶಬ್ದ ಮಾತ್ರ.

ಈಗ ನೋಡ್ತಾ ಇರುವುದು ಹೊಸ ಬ್ಯಾಟರಿ. ಹಳೆಯದಕ್ಕೆ ಮೂರು ವರ್ಷ ಆಗಿತ್ತು. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲಿಂಗ್, ಅಂದರೆ ಯಾಂತ್ರಿಕ ದೋಣಿಯ ಮೀನುಗಾರಿಕೆ ನಿಷೇಧ ಅಲ್ವಾ, ಆ 61 ದಿನ ಗಾಡಿ ಮಳೆಯಲ್ಲಿ ಸುಮ್ನೆ ನಿಂತಿತ್ತು. ನಿಂತ ಬ್ಯಾಟರಿ ಬೇಗ ಹಾಳಾಗುತ್ತದೆ, ಅದೂ ನಿಜ. ಹಾಗಾಗಿ ಯಾರಲ್ಲೂ ಕೇಳದೆ, ಚೆಕ್ ಮಾಡಿಸದೆ, ಸೀದಾ ಹೋಗಿ ಹೊಸದು ಹಾಕಿಸಿಕೊಂಡು ಬಂದೆ. ಹಳೆಯದನ್ನು ಕೊಟ್ಟು 9 ಸಾವಿರ ಚಿಲ್ಲರೆ. ಟರ್ಮಿನಲ್ಲಿಗೆ ಗ್ರೀಸ್ ಹಚ್ಚಿ, ಊದುಬತ್ತಿ ಹಚ್ಚಿ, ಫೋಟೋ ಕೂಡ ತೆಗೆದೆ.

ಮರುದಿನ 4 ಗಂಟೆ 20 ನಿಮಿಷ. ಗುರ್ರ್... ಗುರ್... ಗು... ಟಕ್. ನಾಯಿ.

ಅಷ್ಟು ಹೊತ್ತಿಗೆ ದೊಡ್ಡಪ್ಪ ಎದ್ದು ಬಂದರು. ಟಾರ್ಚ್ ಹಿಡಿದುಕೊಂಡು, ಶಾಲು ಹೊದ್ದುಕೊಂಡು ಬರುತ್ತಿರುವವರು ಅವರೇ. ದೊಡ್ಡಪ್ಪ ಮೂವತ್ತು ವರ್ಷ ಲಾರಿ ಓಡಿಸಿದವರು, ಅದರಲ್ಲಿ ಹತ್ತು ಹನ್ನೆರಡು ವರ್ಷ ಉತ್ತರದ ಲೈನು. ಅವರು ತುಳುವಿನಲ್ಲಿ ಏನೋ ಹೇಳಿದರು, ಅದನ್ನು ಕಟ್ ಮಾಡಿದ್ದೇನೆ. ಕಟ್ ಆದ ಮೇಲಿನದ್ದು ಇಷ್ಟು: “ಎಂತ ಮಗಾ, ಇದಕ್ಕೆ ಚಳಿ ಅಂತೀಯಾ? ಚಳಿ ನಾನು ನೋಡಿದ್ದೇನೆ.”

ಆಮೇಲೆ ಕಾಫಿ ಕುಡಿಯುತ್ತಾ ಅವರು ಹೇಳಿದ್ದನ್ನು ನಾನು ರೆಕಾರ್ಡ್ ಮಾಡಿಕೊಳ್ಳಲಿಲ್ಲ, ಅದೊಂದು ತಪ್ಪಾಯಿತು. ನನ್ನ ಮಾತಲ್ಲೇ ಹೇಳುತ್ತೇನೆ.

ಒಂದು ಜನವರಿಯಲ್ಲಿ ಜಮ್ಮು ದಾಟಿ ಶ್ರೀನಗರದ ಕಡೆ ಲೋಡ್. ಹಿಮ ಬಿದ್ದು ರಸ್ತೆ ಬಂದ್, ರಾತ್ರಿಯಿಡೀ ಲಾರಿಗಳ ಸಾಲು. ಗೊತ್ತಿದ್ದ ಡ್ರೈವರುಗಳು ಎಂಜಿನ್ ಆಫ್ ಮಾಡಲೇ ಇಲ್ಲ. ದೊಡ್ಡಪ್ಪ ಊರಿನ ಅಭ್ಯಾಸದಂತೆ ಡೀಸೆಲ್ ಉಳಿಸಲು ಆಫ್ ಮಾಡಿ ಮಲಗಿದರು. ಬೆಳಿಗ್ಗೆ ಫಿಲ್ಟರ್ ಬಿಚ್ಚಿ ನೋಡಿದರೆ ಒಳಗಿನ ಡೀಸೆಲ್ ಹಾಲು ಒಡೆದ ಹಾಗೆ, ಬೆಳ್ಳಗೆ ಲೋಳೆ ಲೋಳೆ. “ನಮ್ಮ ಮನೆಯ ತೆಂಗಿನೆಣ್ಣೆ ನೆನಪಾಯಿತು ನೋಡು” ಅಂದರು.

ಹೋಲಿಕೆ ಸರಿಯಾದದ್ದೇ. ಡೀಸೆಲ್ಲಿನಲ್ಲಿ ಮೇಣದ ಅಂಶ ಉಂಟು. ತಣ್ಣಗಾದಾಗ ಅದು ಸಣ್ಣ ಸಣ್ಣ ಹರಳಾಗಿ ಫಿಲ್ಟರಿನ ಕಾಗದಕ್ಕೆ ಮೆತ್ತಿಕೊಳ್ಳುತ್ತದೆ. ಟ್ಯಾಂಕ್ ತುಂಬ ಡೀಸೆಲ್ ಇದ್ದರೂ ಎಂಜಿನ್ನಿಗೆ ಒಂದು ಹನಿ ಹೋಗುವುದಿಲ್ಲ. ಅದಕ್ಕೇ ನಮ್ಮ ದೇಶದ ಡೀಸೆಲ್ ಗುಣಮಟ್ಟದಲ್ಲಿ ಬೇಸಿಗೆಗೆ ಒಂದು, ಚಳಿಗಾಲಕ್ಕೆ ಒಂದು ಅಳತೆ. ಸುರತ್ಕಲ್‌ನ ಹತ್ತಿರವೇ ಎಂಆರ್‌ಪಿಎಲ್ ತೈಲ ಶುದ್ಧೀಕರಣ ಘಟಕ ಇರುವ ನಮಗೆ ಡೀಸೆಲ್ಲಿಗೂ ಋತು ಉಂಟು ಅನ್ನುವುದೇ ಹೊಸ ಸುದ್ದಿ. ಆ ಕಾಲದಲ್ಲಿ ಹಿಮದ ಕಡೆ ಓಡಿಸುವವರು ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆಸುತ್ತಿದ್ದರು, ಟ್ಯಾಂಕಿನ ಕೆಳಗೆ, ಎಂಜಿನ್ ಆಯಿಲ್ ಚೇಂಬರಿನ ಕೆಳಗೆ ಬೆಂಕಿ ಹಾಕುತ್ತಿದ್ದರು. ದೊಡ್ಡಪ್ಪ ಪಕ್ಕದ ಲಾರಿಯವನಿಂದ ಸ್ಟವ್ ಇಸ್ಕೊಂಡು ಹಾಗೆಯೇ ಮಾಡಿದರಂತೆ. ಹೇಳುವಾಗ ನಗುತ್ತಾರೆ, ಕೇಳುವ ನನಗೆ ಬೆವರು. ದಯವಿಟ್ಟು ಯಾರೂ ಮಾಡಬೇಡಿ. 2019ರ ನವೆಂಬರಿನಲ್ಲಿ ಇಂಡಿಯನ್ ಆಯಿಲ್ ಲಡಾಖಿಗೆ ಅಂತಲೇ ಬೇರೆ ಡೀಸೆಲ್ ಬಿಟ್ಟಿತು. ಅದು ಮೈನಸ್ 33 ಡಿಗ್ರಿವರೆಗೂ ಹರಿಯುತ್ತದೆ. ಈಗ ಬೆಂಕಿಯ ಕಾಟ ಅಷ್ಟಿಲ್ಲ. ಬದಲಿಗೆ ಹೊಸ ಬಿಎಸ್6 ಲಾರಿಗಳಿಗೆ ಹೊಗೆಯ ವಿಷ ಕಡಿಮೆ ಮಾಡಲು ಹಾಕುವ ಯೂರಿಯಾ ನೀರು ಮೈನಸ್ 11ಕ್ಕೆ ಹೆಪ್ಪುಗಟ್ಟುತ್ತದೆ, ಅದನ್ನು ಕರಗಿಸಲು ಟ್ಯಾಂಕಿನಲ್ಲೇ ಹೀಟರ್ ಇಟ್ಟಿರುತ್ತಾರೆ.

ಬ್ಯಾಟರಿಯ ಕತೆಯೂ ಅಲ್ಲಿನದ್ದೇ. 0 ಡಿಗ್ರಿಯಲ್ಲಿ ಬ್ಯಾಟರಿಯ ಶಕ್ತಿ ಸುಮಾರು ಐದರಲ್ಲಿ ಒಂದು ಪಾಲು ಇಳಿಯುತ್ತದೆ. ಮೈನಸ್ 18ಕ್ಕೆ ಹೋದರೆ ಹತ್ತಿರ ಹತ್ತಿರ ಅರ್ಧ. 21 ಡಿಗ್ರಿಯಲ್ಲಿ? ಬ್ಯಾಟರಿಗೆ ಅದು ಮದುವೆ ಮನೆ. ಹೊಸ ಬ್ಯಾಟರಿ ಪರ್ಕಳದ ಚಳಿಗೆ ಮಲಗಿತು ಅನ್ನುವುದು ಆಗದ ಮಾತು.

“ಕ್ಲಚ್ ಒತ್ತು, ಸೆಕೆಂಡಿಗೆ ಹಾಕು, ನಾನು ಕಲ್ಲು ತೆಗೆಯುತ್ತೇನೆ” ಅಂದರು ದೊಡ್ಡಪ್ಪ. ಈ ಗಾಡಿಯನ್ನು ಯಾವಾಗಲೂ ಇಳಿಜಾರಿನಲ್ಲೇ ನಿಲ್ಲಿಸುವುದು ಅವರ ಕಾಲದ ಕ್ರಮ. ಟೈರಿಗೆ ಅಡ್ಡ ಇಟ್ಟ ಆ ಕೆಂಪು ಕಲ್ಲಿಗೆ ನನ್ನಷ್ಟೇ ವಯಸ್ಸು. ಕಲ್ಲು ತೆಗೆದರು, ಗಾಡಿ ಉರುಳಿತು. ಎಂಜಿನ್ ಓಡದಿದ್ದರೆ ಬ್ರೇಕ್ ಪೆಡಲ್ ಕಲ್ಲಿನ ಹಾಗೆ ಗಟ್ಟಿ, ಸ್ಟೇರಿಂಗ್ ಕೂಡ ಭಾರ. ಹಾಗಾಗಿ ಕೆಳಗೆ ಯಾರಾದರೂ ಇದ್ದಾರಾ ನೋಡದೆ ಇದನ್ನು ಮಾಡಲೇಬಾರದು. ಕ್ಲಚ್ ಬಿಟ್ಟೆ. ಒಂದು ಜೆರ್ಕ್, ಎರಡು, ತೆಂಗಿನಮರ ದಾಟಿ, ಬಾವಿ ದಾಟಿ, ಗೇಟಿನ ಹತ್ತಿರ ಬಂದಾಗ ಡುರ್ರ್ ಅಂತ ಎದ್ದಿತು.

ನಾನು ಖುಷಿಯಲ್ಲಿ ಹಾರನ್ ಹೊಡೆದೆ. ದೊಡ್ಡಪ್ಪನ ಮುಖ ಮಾತ್ರ ಸಪ್ಪಗೆ. “ಮೊದಲೆಲ್ಲ ತೆಂಗಿನಮರದ ಹತ್ತಿರವೇ ಹಿಡಿಯುತ್ತಿತ್ತು” ಅಂದರು. ಆ ಮಾತನ್ನು ನಾನು ಆಗ ಕಿವಿಗೆ ಹಾಕಿಕೊಳ್ಳಲಿಲ್ಲ. ನೀವು ಹಾಕಿಕೊಳ್ಳಿ.

ಮಲ್ಪೆ ಲೋಡ್ ಮುಗಿಸಿ ಮರುದಿನ ಗಾಡಿಯನ್ನು ಎಲೆಕ್ಟ್ರಿಷಿಯನ್ ಅಣ್ಣನ ಹತ್ತಿರ ಬಿಟ್ಟೆ. ನಾನು ಬಾಯಿ ತೆರೆಯುವ ಮೊದಲೇ ಅವರು ಕೇಳಿದ್ದು, “ತಳ್ಳಿದರೆ ಸ್ಟಾರ್ಟ್ ಆಗ್ತದಾ?” ಆಗ್ತದೆ ಅಂದೆ. “ಹಾಗಾದರೆ ಎಂಜಿನ್ ಬದುಕಿದೆ. ಸೆಲ್ಫಿಗೆ ಊಟ ಸಿಗ್ತಾ ಇಲ್ಲ.”

ಅವರು ಮಾಡಿದ ಕೆಲಸ ನೋಡಿ, ಇದನ್ನು ನೀವೂ 300-400 ರೂಪಾಯಿಯ ಮಲ್ಟಿಮೀಟರ್ ಇದ್ದರೆ ಮಾಡಬಹುದು. ಮೊದಲು ಬ್ಯಾಟರಿಯ ಎರಡು ತುದಿಗೆ ಹಿಡಿದರು. 12.6 ವೋಲ್ಟ್, ಭರ್ತಿ. ನನ್ನನ್ನು ಸೆಲ್ಫ್ ಹೊಡೆಯಲು ಹೇಳಿ ಮತ್ತೆ ನೋಡಿದರು, 10.7. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯದಿದ್ದರೆ ಬ್ಯಾಟರಿ ಸರಿ ಅಂತ ಲೆಕ್ಕ. ಅಂದರೆ ನನ್ನ ಹೊಸ ಬ್ಯಾಟರಿಯಲ್ಲಿ ದೋಷ ಇಲ್ಲ. ಬಹುಶಃ ಹಳೆಯದರಲ್ಲೂ ಇರಲಿಲ್ಲ. ಇದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ಸುಮ್ನೆ ನನ್ನನ್ನು ನೋಡಿ ನಕ್ಕರು.

ಆಮೇಲೆ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ತುದಿಗೆ, ಇನ್ನೊಂದನ್ನು ಎಂಜಿನ್ನಿನ ಮೈಗೆ ಒತ್ತಿ ಹಿಡಿದರು. “ಹೊಡಿ.” ಹೊಡೆದೆ. ಇಲ್ಲಿ ಅರ್ಧ ವೋಲ್ಟಿನ ಒಳಗೆ ಬರಬೇಕು. ಬಂದದ್ದು 2.3.

ಅಂದರೆ ಎಂತ? ಬ್ಯಾಟರಿಯಿಂದ ಹೊರಟ ಕರೆಂಟ್ ಎಂಜಿನ್ ಮೈಯಿಂದ ವಾಪಸ್ ಬ್ಯಾಟರಿಗೆ ಬರುವ ದಾರಿಯಲ್ಲೇ ಎರಡು ವೋಲ್ಟಿಗಿಂತ ಜಾಸ್ತಿ ತಿಂದುಹೋಗುತ್ತಿದೆ. ಆ ದಾರಿ ಅಂದರೆ ಅರ್ತ್ ಕೇಬಲ್. ಹೆಬ್ಬೆರಳಿನ ದಪ್ಪದ ಕಪ್ಪು ವಯರು. ಚಾಸಿ ಕೆಳಗೆ ಒಂದು, ಅಲ್ಲಿಂದ ಎಂಜಿನ್ನಿಗೆ ಇನ್ನೊಂದು.

ಇಲ್ಲಿ ನಾನು ಕ್ಯಾಮೆರಾ ಹತ್ತಿರ ತಂದಿದ್ದೇನೆ, ಸ್ವಲ್ಪ ಹೊತ್ತು ನೋಡಿ. ಹೊರಗಿನಿಂದ ಕೇಬಲ್ ಚೆನ್ನಾಗಿಯೇ ಉಂಟು. ಬೋಲ್ಟ್ ಟೈಟ್ ಇದೆ. ಅಣ್ಣ ಅದನ್ನು ಬೆರಳಲ್ಲಿ ಬಗ್ಗಿಸಿದರು. ಒಳಗೆ ಕರಕರ ಶಬ್ದ, ಹಪ್ಪಳ ಮುರಿದ ಹಾಗೆ. ಬ್ಲೇಡ್ ತೆಗೆದು ಕಪ್ಪು ಕವಚವನ್ನು ಉದ್ದಕ್ಕೆ ಸೀಳಿದರು. ಒಳಗೆ ಹೊಳೆಯುವ ತಾಮ್ರ ಇರಬೇಕಾದಲ್ಲಿ ಹಸಿರು ಪುಡಿ. ಹಳೆಯ ದೇವರ ಪಾತ್ರೆಯ ಕಿಲುಬು ಉಂಟಲ್ಲ, ಅದೇ ಬಣ್ಣ. ಕೆಳಗೆ ಹಿಡಿದ ಕಾಗದದ ಮೇಲೆ ಉದುರಿತು. ಎಳೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ತಿಂದುಹೋಗಿ, ಬೆರಳೆಣಿಕೆಯಷ್ಟು ಮಾತ್ರ ಕೆಂಪಗೆ ಉಳಿದಿದ್ದವು. ನೂರಾರು ಆಂಪಿಯರ್ ಆ ನಾಲ್ಕು ಎಳೆಯಲ್ಲಿ ನುಗ್ಗಬೇಕು. ಸೆಲ್ಫ್ ಹೊಡೆದ ಕೂಡಲೇ ಆ ತುದಿ ಮುಟ್ಟಿ ನೋಡಿದೆ, ಬಿಸಿ. ಎಂಜಿನ್ನಿಗೆ ಹೋಗಬೇಕಾದ ಬಿಸಿ ಅಲ್ಲಿ ಕೂತಿತ್ತು.

“ಯಾವ ಲೋಡ್ ಹೊಡೆಯುವುದು ನೀನು?” ಮೀನು ಅಂದೆ. “ಮತ್ತೆ ಕೇಳ್ಬೇಕಾ?”

ಮೀನಿನ ಲಾರಿಯ ಹಿಂದೆ ಬೈಕಿನಲ್ಲಿ ಹೋದವರಿಗೆ ಇದು ಚೆನ್ನಾಗಿ ಗೊತ್ತು, ನಮಗೆ ಬೈದವರೂ ಬಹಳ. ಐಸ್ ಕರಗಿದ ನೀರು, ಮೀನಿನ ಉಪ್ಪು ನೀರು ಎಲ್ಲ ಸೇರಿ ಹಲಗೆಯ ಸಂದಿಯಿಂದ ಚಾಸಿಗೆ ತೊಟ್ಟಿಕ್ಕುತ್ತದೆ. ನಮ್ಮ ಕೇಬಲ್ ಸರಿಯಾಗಿ ಆ ಸಂದಿಯ ಕೆಳಗೆ ಹೋಗಿತ್ತು. ತುದಿಯಲ್ಲಿ ಬೋಲ್ಟ್ ಹಾಕುವ ಲಗ್ಗಿನ ಹತ್ತಿರ ಸಣ್ಣ ಬಿರುಕು, ಅಲ್ಲಿಂದ ಉಪ್ಪು ನೀರು ಒಳಗೆ. ಮಲ್ಪೆಯ ಗಾಳಿಯಲ್ಲೇ ಉಪ್ಪು ಉಂಟು, ಇನ್ನು ನಿಂತ ನೀರು ಬಿಡುತ್ತದಾ.

ಹಾಗಾದರೆ ಮಧ್ಯಾಹ್ನ ಹೇಗೆ ಸ್ಟಾರ್ಟ್ ಆಗುತ್ತಿತ್ತು? ನಾನೂ ಇದನ್ನೇ ಕೇಳಿದೆ. ಓಡಿ ಬಂದ ಎಂಜಿನ್ನಿನಲ್ಲಿ ಆಯಿಲ್ ನೀರಿನ ಹಾಗೆ ತೆಳ್ಳಗೆ. ರಾತ್ರಿಯಿಡೀ ನಿಂತರೆ ಅದೇ ಆಯಿಲ್ ಹತ್ತು ಪಟ್ಟಿಗೂ ಜಾಸ್ತಿ ಮಂದ. ಬಿಸಿ ಎಂಜಿನ್ನನ್ನು ತಿರುಗಿಸಲು ಆ ನಾಲ್ಕು ಎಳೆ ಸಾಕಿತ್ತು, ತಣ್ಣಗಿನ ಎಂಜಿನ್ನಿಗೆ ಸಾಕಾಗಲಿಲ್ಲ. ಬೆಳಗಿನ ಜಾವ ಕ್ಲಚ್ ಒತ್ತಿಯೇ ಸೆಲ್ಫ್ ಹೊಡೆಯಬೇಕು ಅನ್ನುವುದೂ ಇದಕ್ಕೇ. ಗೇರ್‌ಬಾಕ್ಸಿನ ಮಂದ ಎಣ್ಣೆಯನ್ನೂ ಸೇರಿಸಿ ತಿರುಗಿಸುವ ಭಾರ ತಪ್ಪುತ್ತದೆ.

ಹೊಸ ಕೇಬಲ್ ಎರಡಕ್ಕೂ ಸೇರಿ 1,100 ರೂಪಾಯಿ, ಕೂಲಿ ಬೇರೆ. ಚಾಸಿಯ ಪೇಂಟ್ ಕೆರೆದು, ಉಪ್ಪುಕಾಗದ ಉಜ್ಜಿ, ಹೊಳೆಯುವ ಕಬ್ಬಿಣದ ಮೇಲೆ ಬೋಲ್ಟ್ ಹಾಕಿ, ಮೇಲಿಂದ ಗ್ರೀಸ್. ಕೇಬಲ್ ಹೋಗುವ ದಾರಿಯನ್ನೂ ಒಂದಡಿ ಪಕ್ಕಕ್ಕೆ ಸರಿಸಿದರು. ಮೀಟರಿನಲ್ಲಿ ಈಗ 0.2.

ಇಲ್ಲಿಗೆ ವಿಡಿಯೋ ಮುಗಿಯಬೇಕಿತ್ತು. ಮರುದಿನ 4 ಗಂಟೆ 20 ನಿಮಿಷಕ್ಕೆ ಶಬ್ದ ಕೇಳಿ: ಗರ್‌ಗರ್‌ಗರ್‌ಗರ್‌ಗರ್. ಎಷ್ಟು ಚೆಂದ ತಿರುಗುತ್ತಿದೆ! ಆದರೆ ಹತ್ತು ಸೆಕೆಂಡ್ ಆದರೂ ಹಿಡಿಯುವುದಿಲ್ಲ. ಸೆಲ್ಫನ್ನು ಹತ್ತು ಹದಿನೈದು ಸೆಕೆಂಡಿಗಿಂತ ಜಾಸ್ತಿ ಒಂದೇ ಸಮ ಹೊಡೆಯಬಾರದು, ಸುಟ್ಟುಹೋಗುತ್ತದೆ. ಬಿಟ್ಟೆ, ಒಂದು ನಿಮಿಷ ಕಾದೆ, ಮತ್ತೆ ಹೊಡೆದೆ. ಮೂರನೇ ಸಲಕ್ಕೆ ಎದ್ದಿತು.

ದೊಡ್ಡಪ್ಪ ಹಿಂದೆ ಸೈಲೆನ್ಸರಿನ ಹತ್ತಿರ ಟಾರ್ಚ್ ಹಿಡಿದು ನಿಂತಿದ್ದರು. “ಹೊಗೆಯೇ ಇಲ್ಲ ಮಗಾ” ಅಂದರು. ಇದು ಅನುಭವದ ಮಾತು. ಸೆಲ್ಫ್ ಹೊಡೆಯುವಾಗ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ, ಬಿಸಿ ಸಾಲದು. ಹೊಗೆಯೇ ಇಲ್ಲದಿದ್ದರೆ ಡೀಸೆಲ್ಲೇ ಹೋಗುತ್ತಿಲ್ಲ. ಮೊನ್ನೆ ಗೇಟಿನವರೆಗೆ ಉರುಳಿದ ಮೇಲೆ ಹಿಡಿದದ್ದು ಯಾಕೆ ಅಂತ ಆಗ ನನಗೆ ಹೊಳೆಯಿತು, ಡೀಸೆಲ್ ಬಂದು ತಲುಪಲು ಅಷ್ಟು ಹೊತ್ತು ಬೇಕಾಗಿತ್ತು.

ಟ್ಯಾಂಕಿನಿಂದ ಬರುವ ಪೈಪಿನ ಒಂದು ತುಂಡನ್ನು ತೆಗೆದು ಪಾರದರ್ಶಕ ಪೈಪ್ ಹಾಕಿದೆವು. ರಾತ್ರಿ ನಿಲ್ಲಿಸುವಾಗ ಪೈಪ್ ತುಂಬ ಡೀಸೆಲ್. ಬೆಳಿಗ್ಗೆ ನೋಡಿ, ಕಾಣ್ತದಾ? ಖಾಲಿ. ಎಲ್ಲ ವಾಪಸ್ ಟ್ಯಾಂಕಿಗೆ ಇಳಿದಿದೆ. ಎಲ್ಲೋ ಸಣ್ಣ ತೂತಿನಿಂದ ಗಾಳಿ ಎಳೆದುಕೊಳ್ಳುತ್ತಿದೆ. ಹುಡುಕಿದರೆ ಫಿಲ್ಟರಿನ ಮುಂಚೆ ಬರುವ ಒಂದು ತಾಮ್ರದ ವಾಷರ್, 10 ರೂಪಾಯಿಯದ್ದು. ಆಗಸ್ಟಿನಲ್ಲಿ ಸೀಸನ್ ಶುರುವಾಗುವಾಗ ಫಿಲ್ಟರ್ ಬದಲಾಯಿಸಿದವನು ನಾನೇ, ಹಳೇ ವಾಷರನ್ನೇ ಮತ್ತೆ ಹಾಕಿದವನೂ ನಾನೇ. ಹೊಸದು ಹಾಕಿ, ಹ್ಯಾಂಡ್ ಪಂಪ್ ಒತ್ತಿ, ಬ್ಲೀಡ್ ಸ್ಕ್ರೂ ಸಡಿಲ ಮಾಡಿ ಗುಳ್ಳೆ ನಿಲ್ಲುವವರೆಗೆ ಗಾಳಿ ತೆಗೆದೆವು. ಜೊತೆಗೆ ಫಿಲ್ಟರಿನ ಬುಡದ ನೀರನ್ನೂ ಬಿಟ್ಟೆವು. ಮಳೆಗಾಲದ ನೀರು ಅರ್ಧ ಲೋಟ ಇತ್ತು.

ನಡುವೆ ಒಬ್ಬರು ಬಂದು, ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯನ್ನು ಏರ್ ಫಿಲ್ಟರಿನ ಬಾಯಿಗೆ ಹಿಡಿ, ಒಂದೇ ಸಲಕ್ಕೆ ಏಳುತ್ತದೆ ಅಂದರು. ಏಳುತ್ತದೆ, ಪಿಸ್ಟನ್ ಕೂಡ ಎದ್ದು ಬರಬಹುದು. ಪಿಕಪ್ಪಿನಂತಹ ಗಾಡಿಗಳಲ್ಲಿ ಹೀಟರ್ ಪ್ಲಗ್ ಇರುತ್ತದೆ, ಅದರ ತುದಿ ಕೆಂಡದ ಹಾಗೆ ಕಾದಿರುತ್ತದೆ. ಅಂಥದ್ದರ ಹತ್ತಿರ ಪೆಟ್ರೋಲ್, ಸ್ಪ್ರೇ ತರಲೇಬೇಡಿ. ಅಲ್ಲಿ ಮಾಡಬೇಕಾದದ್ದು ಒಂದೇ, ಕೀ ಆನ್ ಮಾಡಿ ಸುರುಳಿಯ ಗುರುತಿನ ಹಳದಿ ಲೈಟ್ ಆರುವವರೆಗೆ ಕಾಯುವುದು. ನಾಲ್ಕೈದು ಸೆಕೆಂಡ್ ಕಾಯಲು ನಮ್ಮ ಹುಡುಗರಿಗೆ ಪುರುಸೊತ್ತಿಲ್ಲ.

ಈಗ ಕೊನೆಯ ಶಾಟ್. ಇದು ಇವತ್ತು ಬೆಳಿಗ್ಗೆಯದ್ದು. ಮೊಬೈಲಿನಲ್ಲಿ 20 ಡಿಗ್ರಿ, ಮೊನ್ನೆಗಿಂತ ಒಂದು ಕಡಿಮೆ. ಅಮ್ಮ ತೆಂಗಿನೆಣ್ಣೆ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿದ್ದಾರೆ. ಕ್ಲಚ್ ಒತ್ತಿದೆ, ಕೀ ತಿರುಗಿಸಿದೆ. ಗರ್‌ಗರ್, ಡುರ್ರ್. ಎರಡೇ ಸೆಕೆಂಡ್. ನಾಯಿಗೆ ಬೊಗಳಲು ಸಮಯವೇ ಸಿಗಲಿಲ್ಲ. ಆಕ್ಸಿಲರೇಟರ್ ತುಳಿಯದೆ ಎರಡು ನಿಮಿಷ ಹಾಗೇ ಬಿಟ್ಟೆ, ಆಯಿಲ್ ಮೇಲೆ ಹತ್ತಬೇಕಲ್ಲ.

ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ, “ದೊಡ್ಡಪ್ಪ, ಇನ್ನು ಗಾಡಿಯನ್ನು ಅಂಗಳದಲ್ಲೇ ನಿಲ್ಲಿಸಬಹುದಲ್ಲ, ಇಳಿಜಾರು ಯಾಕೆ?” ಅಂತ ಕೇಳಿದೆ.

ಅವರು ಉತ್ತರ ಕೊಡಲಿಲ್ಲ. ಬಗ್ಗಿ ಟೈರಿನ ಅಡಿಯಿಂದ ಕೆಂಪು ಕಲ್ಲನ್ನು ತೆಗೆದು, ಸಂಜೆ ಬೇಕಾಗುತ್ತದೆ ಅಂತ ಬೇಲಿಯ ಬುಡದಲ್ಲಿ ಅದರ ಜಾಗದಲ್ಲೇ ಇಟ್ಟರು.